ಎಳೆ

ಮೂರು ಹನಿ ರಕ್ತ, ಬೆರಳುದ್ದದ ಬಿಳಿ ಕಾರ್ಡು.
ಗೋಡೆ ಗಡಿಯಾರ ಎರಡು ನಿಮಿಷ ಮುಂದೆ,
ಅದನ್ನೂ ಕಳೆದೇ ನೋಡುತ್ತೇನೆ.
ಇದೇ ಮೇಜಿನ ಮೇಲೆ ಬಸಿರು ನೋಡಿದ್ದೇನೆ, ಡೆಂಗಿ ನೋಡಿದ್ದೇನೆ,
ಎಲ್ಲಕ್ಕೂ ಎರಡು ಗೆರೆ.
ಒಬ್ಬರು ನಗುತ್ತಾರೆ, ಒಬ್ಬರು ಸೆರಗು ಕಚ್ಚುತ್ತಾರೆ,
ಗೆರೆಗೆ ಗೊತ್ತಿಲ್ಲ.

ಶಿಡ್ಲಘಟ್ಟದ ಆಸ್ಪತ್ರೆಗೆ ರಾತ್ರಿ ಒಂದೂವರೆಗೆ ಬಂದವರು
ದಸ್ತಗೀರ್ ಸಾಬ್, ನೂಲು ಬಿಚ್ಚುವವರು.
ಬಿಸಿನೀರಲ್ಲಿ ನೆಂದು ನೆಂದು ಬೆರಳ ತುದಿ ಬೆಳ್ಳಗೆ, ಸುಕ್ಕು.
ಬೆರಳು ಬಿಟ್ಟು ತೋಳಿನಿಂದ ತೆಗೆದೆ.
"ಗ್ಯಾಸು ಮೇಡಂ, ಹಲಸಿನ ತೊಳೆ ತಿಂದಿದ್ದೆ,
ಸೋಡಾ ಕುಡಿದೆ, ತೇಗು ಬಂತು, ನೋವು ಹೋಗಲಿಲ್ಲ."
ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಇಸಿಜಿ
ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಹದಿನೈದು ನಿಮಿಷ. ಒಂದೇ ಗೆರೆ.
ಆಗಲೇ ಚಪ್ಪಲಿಗೆ ಕಾಲು ತೂರಿಸಿದ್ದರು.
"ನಲವತ್ತು ಕೆಜಿ ಗೂಡು ಬಿದ್ದಿದೆ ಮನೇಲಿ,
ಬೆಳಗಾದರೆ ಚಿಟ್ಟೆ ತೂತು ಮಾಡ್ಕೊಂಡು ಈಚೆ ಬರುತ್ತೆ,
ತೂತು ಬಿದ್ದ ಗೂಡಲ್ಲಿ ಎಳೆ ಎಲ್ಲಿಂದ ತರ್ಲಿ?"

ಒಂದು ಗೆರೆ ಅಂದರೆ ಇಲ್ಲ ಅಂತಲ್ಲ, ಅಂದೆ,
ಇನ್ನೂ ಬಂದಿಲ್ಲ ಅಂತ.
ಎದೆಯ ಸುದ್ದಿ ರಕ್ತಕ್ಕೆ ಮುಟ್ಟಲು
ಮೂರು ಗಂಟೆಯಾದರೂ ಬೇಕು.
ಮಾತು ಡಾಕ್ಟರರದು, ಗಟ್ಟಿಯಾಗಿ ಹೇಳಿದ್ದು ನಾನು.
ಅವರ ಹೆಂಡತಿ ಜೈತೂನ್ ಏನೂ ಹೇಳದೆ
ಚಪ್ಪಲಿ ಎರಡನ್ನೂ ಎತ್ತಿ ಚೀಲದೊಳಗಿಟ್ಟುಕೊಂಡು ಕೂತರು.

ಬೆಂಚಿನ ಕೆಳಗೆ ನಾಯಿ ಮೂರು ಸಲ ಮಗ್ಗುಲು ಬದಲಿಸಿತು.
ಹಾವು ಕಚ್ಚಿತೆಂದು ಯಾರೋ ಬಂದರು, ಹಾವಲ್ಲ ಎಂದಾಯಿತು.

ನಾಲ್ಕು ಮುಕ್ಕಾಲಿಗೆ ಇನ್ನೊಂದು ಕಾರ್ಡು.
ಟ್ಯೂಬ್‌ಲೈಟಿಗೆ ಹಿಡಿದೆ, ಓರೆ ಮಾಡಿದೆ,
ಇದೆಯೋ, ನನ್ನ ನಿದ್ದೆಗಣ್ಣೋ.
"ತನ್ನಿ ಇಲ್ಲಿ" ಅಂದರು ಮಲಗಿದಲ್ಲಿಂದಲೇ.
ಕುದಿವ ನೀರಲ್ಲಿ, ಹಬೆಯಲ್ಲಿ,
ಕೂದಲಿಗಿಂತ ಸಣ್ಣ ತುದಿಯನ್ನು
ಮೂವತ್ತು ವರ್ಷ ಹುಡುಕಿದ ಕಣ್ಣು.
ಒಂದು ಗಳಿಗೆ ನೋಡಿದರು.
"ಸಿಕ್ತು ನೋಡಿ, ಎಳೆ."
ಕೆಲಸದ ದನಿ, ಅಷ್ಟೇ.

ಆಮೇಲೆ ಎಲ್ಲರೂ ಓಡಿದರು. ನೂರೆಂಟರ ಗಾಡಿ
ಚಿಕ್ಕಬಳ್ಳಾಪುರದ ಕಡೆ ತಿರುಗಿತು.
ಜೈತೂನ್ ಚೀಲ ಅವುಚಿಕೊಂಡೇ ಹತ್ತಿದರು, ಚಪ್ಪಲಿ ಅದರೊಳಗೇ.

ಕಾರ್ಡನ್ನು ಹಳದಿ ಡಬ್ಬಿಗೆ ಹಾಕುವ ಮುಂಚೆ ಮತ್ತೆ ನೋಡಿದೆ.
ಈಗ ನನಗೂ ಕಾಣುತ್ತಿತ್ತು.
ಹೊರಗೆ ಗೂಡಿನ ಮಾರುಕಟ್ಟೆಗೆ ಮೊದಲ ಟೆಂಪೋ.
ಅವರ ಮನೆಯಲ್ಲಿ ನಲವತ್ತು ಕೆಜಿ.
ಯಾರಾದರೂ ನೀರು ಕಾಯಿಸಿರುತ್ತಾರಾ?