ಕಾರ್ಡಿನ ಹಿಂಬದಿ

ಸಲ್ಮೆ ಪಿಹ್ಲಕ್ ತೀರಿಕೊಂಡ ಎಂಟನೆಯ ದಿನ
ವಿಶ್ವವಿದ್ಯಾಲಯದವರು ನನ್ನ ಕೈಗೆ ಬೀಗದ ಕೈ ಕೊಟ್ಟರು.
ಮೂರನೆಯ ಮಹಡಿ, ತಾರ್ತುವಿನ ಹೊಳೆ ಕಾಣುವ ಕೋಣೆ,
ಗೋಡೆಯುದ್ದಕ್ಕೂ ಮರದ ಖಾನೆಗಳು, ನಲವತ್ತೆಂಟು.
ಒಳಗೆ ಅಂಗೈಯಗಲದ ಕಾರ್ಡುಗಳು,
ಕಾರ್ಡಿಗೊಂದು ಪದ.
ಹಳೆಯ ಹಾಡುಗಳಿಂದ ಹೆಕ್ಕಿದ್ದು,
ಹಂದಿ ಸಾಕುವ ಮುದುಕಿಯರ ಬಾಯಿಂದ,
ಒಮ್ಮೆ ಬಸ್ಸಿನಲ್ಲಿ ನಿದ್ದೆಗಣ್ಣಲ್ಲಿ ಗೊಣಗಿದವನ ಬಾಯಿಂದ.

ಸೋಮವಾರದೊಳಗೆ ಖಾಲಿಯಾಗಬೇಕು ಎಂದರು.
ನಿಘಂಟು ಹೇಗೂ ಮುಗಿಯಲಿಲ್ಲವಲ್ಲ.
ನಲವತ್ತು ವರ್ಷ ಕೂತರೂ
ಕೆ ಅಕ್ಷರ ದಾಟಲಿಲ್ಲ ಎಂದು ನಕ್ಕರು.
ನಾನೂ ನಕ್ಕೆ, ಸ್ವಲ್ಪ.

ಆಕೆ ಪಾಠ ಮಾಡಿದ ಕಾಲವೇ ಬೇರೆ.
ಗೋಡೆಗೂ ಕಿವಿ ಎನ್ನುವುದು ಆಗ ಗಾದೆಯಲ್ಲ,
ಬರೀ ವರದಿ.
ದೇವರು ಎಂಬ ಪದಕ್ಕೆ ತರಗತಿಯಲ್ಲಿ ಜಾಗವಿರಲಿಲ್ಲ,
ಆಕೆಯೂ ಅನ್ನಲಿಲ್ಲ.
ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ
ಛಂದಸ್ಸು ಕಲಿಸಿದರು.
ಯಾವುದೋ ಹಳೆಯ ಕೀರ್ತನೆಯ ನಾಲ್ಕು ಸಾಲನ್ನು
ಎಂಟಕ್ಷರದ ಪಾದಕ್ಕೆ ಉದಾಹರಣೆ ಎಂದು ಹಲಗೆಯ ಮೇಲೆ ಬರೆದು
ಒಂದೊಂದೇ ಅಕ್ಷರ ಬೆರಳಲ್ಲಿ ತಟ್ಟಿ
ಉಸಿರು ಎಲ್ಲಿ ನಿಲ್ಲಬೇಕು, ಹೇಳಿ, ಎಂದರು.
ಅಲ್ಲೇ ನಿಂತಿತು ನಮ್ಮ ಉಸಿರು.
ಯಾರೂ ಏನೂ ಹೇಳಲಿಲ್ಲ.
ಒರೆಸಿ, ಕೈಯ ಸುಣ್ಣದ ಪುಡಿ ಕೊಡವಿ,
"ಮುಂದಿನ ವಾರ ಯತಿಭಂಗ" ಎಂದರು.

ಇನ್ನೊಮ್ಮೆ ವ್ಯಾಕರಣ:
"ನಮ್ಮ ಭಾಷೆಗೆ ಭವಿಷ್ಯತ್ಕಾಲವಿಲ್ಲ, ಗಮನಿಸಿದ್ದೀರಾ?
ಬರುತ್ತಿದೆ ಎಂದರೂ ಬರಲಿದೆ ಎಂದರೂ ಒಂದೇ ಮಾತು.
ಕಾಯುವವರಿಗೆ ಹೇಳಿ ಮಾಡಿಸಿದ ಭಾಷೆ."
ಯಾರನ್ನು ಕಾಯುವವರಿಗೆ, ಎಂದೆ. ಇಪ್ಪತ್ತರ ಸೊಕ್ಕು.
ಕಿಟಕಿಯಾಚೆ ಹಿಮ ಬೀಳುತ್ತಿತ್ತು.
"ಬಸ್ಸನ್ನು" ಎಂದರು.

ಶುಕ್ರವಾರ ರಾತ್ರಿ ಒಂದು ಖಾನೆ ಕೈಜಾರಿ
ಕಾರ್ಡುಗಳೆಲ್ಲ ಬೋರಲಾಗಿ ಬಿದ್ದವು.
ಆಗ ಕಂಡದ್ದು ಹಿಂಬದಿ.
ಪೆನ್ಸಿಲ್ಲಿನ ಸಾಸಿವೆಯಕ್ಷರ.

ರೊಟ್ಟಿಯ ಬೆನ್ನಿಗೆ: ಮೀತಾ, ಕಟ್ಟಿಗೆ ಡಿಪೋ. ಬಸಿರು ನಿಲ್ಲಲಿಲ್ಲ, ಎರಡನೆಯ ಸಲ.
ಹೊಸಿಲಿನ ಬೆನ್ನಿಗೆ: ಅಣ್ಣ. ಸೈಬೀರಿಯಾ. ಕಾಗದವಿಲ್ಲ.
ಕೆಳಗೆ ಹದಿಮೂರು ತಾರೀಖು, ವರ್ಷಕ್ಕೊಂದರಂತೆ,
ಆಮೇಲೆ ತಾರೀಖಿಲ್ಲ, ಒಂದು ಗೆರೆ ಮಾತ್ರ.
ಉಪ್ಪಿನ ಬೆನ್ನಿಗೆ: ಟೀಡುಸ್.

ಟೀಡುಸ್ ಗೊತ್ತು ನನಗೆ. ಪಕ್ಕದ ಕೋಣೆಯವನು.
ಆಕೆ ತರಗತಿಯಲ್ಲಿ ಆಡಿದ್ದನ್ನೂ ಆಡದ್ದನ್ನೂ
ಬೆರಳಚ್ಚು ಮಾಡಿ ಮೇಲಕ್ಕೆ ಕಳಿಸುತ್ತಿದ್ದವನು.
ಅವನಿಂದಲೇ ಆರು ವರ್ಷ ಆಕೆ ಉಗ್ರಾಣದಲ್ಲಿ
ಬೇರೆಯವರ ಪುಸ್ತಕಗಳ ಧೂಳು ಹೊಡೆದದ್ದು.
ಅವನ ಹೆಸರನ್ನು ಎರಡು ಸಲ ಅಳಿಸಿದ್ದಾರೆ,
ಒಂದು ಸಲ ಕಾಗದ ಹರಿಯುವಷ್ಟು.
ಮತ್ತೆ ಬರೆದಿದ್ದಾರೆ.
ಬೆರಳಾಡಿ ಆಡಿ ಆ ಕಾರ್ಡಿನ ಅಂಚು
ಹಳೇ ಸೀರುಬಟ್ಟೆಯಷ್ಟು ಮೆತ್ತಗೆ.
ಕೊನೆಯ ಸಾಲು: ಹೆಂಡತಿಗೆ ಕಣ್ಣು ಮಂಜು. ಸೇಬು ಕಳಿಸಬೇಕು.

ಬೆಳಗಿನವರೆಗೂ ಒಂದೊಂದೇ ತಿರುವಿದೆ.
ಮುಂದೆ ಪದ, ಅದು ಮೊದಲು ಕೇಳಿಸಿದ ಊರು, ಹಾಡಿನ ಸಾಲು,
ಹಿಂದೆ ಯಾರದೋ ಜ್ವರ, ಯಾರದೋ ಸಾಲ.
ಯಾವುದು ಕಸುಬು, ಯಾವುದು ಪ್ರಾರ್ಥನೆ,
ಕಾರ್ಡಿಗೆ ದಪ್ಪವೇ ಇರಲಿಲ್ಲ ಬೇರೆ ಮಾಡಲು.

ನನ್ನ ಹೆಸರು ಮುಳ್ಳುಹಂದಿಯ ಬೆನ್ನಿಗಿತ್ತು.
ಊರ್ವೆ. ನಂಬುವುದಿಲ್ಲ. ವಾದಿಸಲಿ. ಬೂಟು ತೂತು.

ಆ ಚಳಿಗಾಲ ಹಾಸ್ಟೆಲಿಗೆ ಬಂದಿದ್ದವು ಬೂಟು,
ಕಳಿಸಿದವರ ಹೆಸರಿಲ್ಲದ ಪೊಟ್ಟಣದಲ್ಲಿ.
ಯಾವುದೋ ಸಂಘದ್ದು ಎಂದುಕೊಂಡು
ಮೂರು ವರ್ಷ ಹಾಕಿ ಸವೆಸಿದ್ದೆ.

ಸೋಮವಾರ ಆಳುಗಳು ಬಂದರು, ರಟ್ಟಿನ ಡಬ್ಬಿ ತಂದರು.
ಸಹಿ ಹಾಕಿದೆ. ಎರಡು ಕಾರ್ಡು ಕೋಟಿನ ಜೇಬಿನಲ್ಲಿತ್ತು,
ಲೆಕ್ಕಕ್ಕೆ ಕೊಡಲಿಲ್ಲ.

ನಂಬುವುದಿಲ್ಲ, ಈಗಲೂ.
ಇವತ್ತು ಸಂತೆಯಲ್ಲಿ ಒಂದು ಕಿಲೋ ಸೇಬು ಕೊಂಡೆ.
ಟೀಡುಸನ ಹೆಂಡತಿ ಇನ್ನೂ ಇದ್ದಾಳಂತೆ,
ಹೊಳೆಯಾಚೆ, ಐದನೆಯ ಮಹಡಿ,
ಲಿಫ್ಟಿಲ್ಲ.