ಉಗುರಿನ ನೆಂಟಸ್ತಿಕೆ

ಕುರಿಯ ಚರ್ಮಕ್ಕೂ ಒಳಗು ಹೊರಗು ಉಂಟು.
ಕೂದಲಿದ್ದ ಮಗ್ಗುಲು ಹಳದಿ, ಮಾಂಸಕ್ಕಂಟಿದ್ದ ಮಗ್ಗುಲು ಬಿಳಿ.
ಬಿಳಿಯ ಕಡೆಯೇ ಬರೆ, ಎಂದರು ಮಠದ ಹಿರಿಯರು,
ದೊರೆಯ ಕೆಲಸ ಇದು.

ದೊರೆ ಎಂದರೆ ಗೆರ್ಲಾಕ್,
ಮೋಸೆಲ್ ನದಿಯ ಎರಡು ತಿರುವಿಗೂ
ಅಲ್ಲಿ ಹಾಯುವ ದೋಣಿಗಳ ಸುಂಕಕ್ಕೂ ಒಡೆಯ.
ಹೆಂಡತಿ ಹಾಡ್ವಿಸ. ಹನ್ನೊಂದು ವರ್ಷ, ಮೂವರು ಹೆಣ್ಣುಮಕ್ಕಳು,
ಉಳಿದವಳು ಒಬ್ಬಳು.
ಇನ್ನು ಸಾಕಂತೆ.
ಕಟ್ಟಿದ ಮದುವೆಯನ್ನು ಧರ್ಮಸಭೆ ಬಿಚ್ಚುವುದಿಲ್ಲ; ಆದರೆ
ಏಳು ತಲೆಮಾರಿನೊಳಗೆ ರಕ್ತ ಒಂದೇ ಆಗಿದ್ದರೆ
ಮದುವೆ ಆಗಿಯೇ ಇರಲಿಲ್ಲ ಎನ್ನುತ್ತದೆ.
ಹನ್ನೊಂದು ವರ್ಷ ಆಗಿಯೇ ಇರಲಿಲ್ಲ.

ನಮ್ಮ ಕಡೆ ತಲೆಮಾರು ಎಣಿಸುವುದು ಮೈಮೇಲೆ.
ತಲೆ, ಮೂಲದ ಗಂಡಹೆಂಡತಿ. ಕತ್ತು, ಅವರ ಮಕ್ಕಳು.
ಆಮೇಲೆ ಭುಜ, ಮೊಣಕೈ, ಮಣಿಕಟ್ಟು,
ನಡುಬೆರಳಿನ ಮೂರು ಗೆಣ್ಣು,
ಕೊನೆಗೆ ಉಗುರು.
ಉಗುರಿನಾಚೆ ಎಲ್ಲರೂ ಹೊರಗಿನವರು, ಹೆಣ್ಣು ತರಬಹುದು.

ಕಾರಭಾರಿ ಎಗಿಲೋ ನಗುತ್ತ ಹೇಳಿದ:
'ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ, ಓಡ್ವಿನ್?'
ಕೊಡಲಿ ಎನ್ನುವಾಗ ಅವನ ಕಣ್ಣು
ದೊರೆಸಾನಿಯ ಕಿಟಕಿಗೆ ಹೋಗಿ ಬಂದದ್ದನ್ನು ನೋಡಿದೆ.

ಹುಡುಕಿದೆ. ದಾನಪತ್ರ, ಸತ್ತವರ ಪಟ್ಟಿ, ಇಲಿ ತಿಂದ ಲೆಕ್ಕ.
ಗಂಡಸರೆಲ್ಲ ಸಿಕ್ಕಿದರು:
ಬೋಳ ವೆರ್ನೆರ್, ಕುಂಟ ವೆರ್ನೆರ್,
ಮಠಕ್ಕೆ ಗಿರಣಿ ಕೊಟ್ಟ ವೆರ್ನೆರ್,
ಕೊಟ್ಟ ಗಿರಣಿ ಕಿತ್ತುಕೊಂಡ ಮಗ, ಅವನೂ ವೆರ್ನೆರ್.
ಹೆಂಗಸರು ಮಾತ್ರ
'ಮತ್ತು ಹೆಂಡತಿ', 'ಮತ್ತು ಒಬ್ಬ ಮಗಳು'.
ಆ ಮತ್ತುಗಳ ಮೇಲೆ ದೀಪ ಹಿಡಿದು ಕೂತೆ.

ದೊರೆಯ ಕಡೆ ಒಬ್ಬ ವೆರ್ನೆರ್‌ನ ಹೆಸರಿಲ್ಲದ ಹೆಂಡತಿ.
ದೊರೆಸಾನಿಯ ಕಡೆ ಫೋಲ್ಮಾರ್‌ನ ಹೆಸರಿಲ್ಲದ ಹೆಂಡತಿ.
ಅವನು ಸತ್ತ ಮೇಲೆ ಇವನ ಕೈಹಿಡಿದಳು ಎಂದರಾಯಿತು,
ಎಣಿಕೆ ಸರಿಯಾಗಿ ಉಗುರಿಗೆ ಬರುತ್ತದೆ.
ಆದರೆ ಬಿಷಪ್ಪರಿಗೆ ಹೆಸರು ಬೇಕು.

ಒಂದು ಸಂಜೆ ಹಾಡ್ವಿಸ ಬಂದಳು, ಮೇಣದ ಬತ್ತಿ ಕೊಡುವ ನೆಪ.
ಓದುಬರಹ ಬಾರದು. ಚರ್ಮದ ಮೇಲೆ ಬಾಗಿ ಕೇಳಿದಳು:
'ನಾನೆಲ್ಲಿದ್ದೇನೆ?'
ತೋರಿಸಿದೆ, ಕಾಳಿನಷ್ಟು ದೊಡ್ಡ ವೃತ್ತ.
'ನನ್ನ ಮಗಳು?'
ಆ ವೃತ್ತ ನಾನಿನ್ನೂ ಬರೆದಿರಲಿಲ್ಲ.
ತುಸು ಹೊತ್ತು ನಿಂತು, ಕತ್ತು ಮುಟ್ಟಿಕೊಂಡು
'ಬೇಗ ಮುಗಿಸಿ' ಎಂದಳು.

ಆ ರಾತ್ರಿ ಮಗಳ ವೃತ್ತ ಮೊದಲು ಬರೆದೆ.
ಆಮೇಲೆ ಮೇಲಕ್ಕೆ ಹೋಗಿ, ಎರಡು ಗೆರೆ ಕೂಡುವಲ್ಲಿ,
ಹೊಳೆದ ಒಂದೇ ಹೆಸರು: ವೆಂಡೆಲಾ.
ಓಕ್ ಕಾಯಿಯ ಮಸಿ ಬರೆಯುವಾಗ ಪೇಲವ,
ಬೆಳಗಾಗುವಷ್ಟರಲ್ಲಿ ಕಪ್ಪು, ನೂರು ವರ್ಷದ ಸತ್ಯದ ಹಾಗೆ.

ನನ್ನವ್ವ ಹೆಬ್ಬಾತು ಕಾಯುತ್ತಿದ್ದಳು.
ಒಡೆದ ಹಿಮ್ಮಡಿ, ಸೆರಗಿಲ್ಲದ ಉಡುಪಿನ ತುಂಬ ಗರಿ.
ಏಳು ವರ್ಷದವನನ್ನು ಮಠದ ಬಾಗಿಲಿಗೆ ತಂದು ಬಿಟ್ಟಾಗ
ಹೆಸರು ಕೇಳಿದರು. ಎರಡು ಸಲ ಹೇಳಿದಳು.
ದೊಡ್ಡವನಾಗಿ ಓದಲು ಕಲಿತು ಆ ಪುಟ ತೆರೆದರೆ
'ಓಡ್ವಿನ್, ಮತ್ತು ತಾಯಿ.'

ಬಿಷಪ್ಪರು ತಮ್ಮ ತೋಳಿನ ಮೇಲೆ ಎಣಿಸಿ ಇಳಿದು
ಉಗುರಿಗೆ ಬಂದು ನಿಂತರು. ತಲೆಯಾಡಿಸಿದರು.
ಹಾಡ್ವಿಸ ಮಗಳನ್ನು ಮುಂದೆ ಕೂರಿಸಿಕೊಂಡು
ಹೇಸರಗತ್ತೆಯ ಮೇಲೆ ನದಿಯ ಮೇಲುಗಡೆಗೆ ಹೋದಳು,
ಕತ್ತಿನ ಮೇಲೆ ತಲೆ ಇಟ್ಟುಕೊಂಡೇ.

ದೊರೆಗೆ ಹೊಸ ಮದುವೆ. ವರ್ಷದೊಳಗೆ ಮಗು. ಹೆಣ್ಣು.
ಕುಲದ ಹಿರಿಯಳ ಹೆಸರಿಡೋಣ ಎಂದರಂತೆ.
ಜ್ಞಾನಸ್ನಾನದ ದಿನ ನೀರಿನ ಬಟ್ಟಲು ಹಿಡಿದವನು ನಾನು;
ಗಂಟೆ ಬಾರಿಸಿ, ಮೂರು ಕೋಟೆಯ ಜನರೆದುರು
ಅವ್ವನ ಹೆಸರು ಕೂಗಿದರು.
ಬಟ್ಟಲು ತುಳುಕಿತು.

ಪಾಪನಿವೇದನೆಯಲ್ಲಿ ಇದನ್ನು ಇನ್ನೂ ಹೇಳಿಲ್ಲ.
ಹೇಳುವ ಮೊದಲು ಪಶ್ಚಾತ್ತಾಪ ಬರಬೇಕಂತೆ.
ಕಾಯುತ್ತಿದ್ದೇನೆ,
ಹೆಬ್ಬಾತಿನ ಗರಿ ಹೆರೆಯುತ್ತ.