ಗರಗಸ ತಿಂದದ್ದು

ಎಳೀಬೇಡ, ಅಂದ ಉರ್ಹೊ, ತಳ್ಳಲೂ ಬೇಡ.
ಮರವನ್ನು ಹಲ್ಲಿನೆದುರು ಸುಮ್ಮನೆ ಹಿಡಿ,
ತಿನ್ನುವುದು ಅದರ ಕೆಲಸ.

ನೆಲಮಾಳಿಗೆಯ ಕಿಟಕಿಗೆ ಎದೆಮಟ್ಟ ಹಿಮ.
ಒಲೆಯ ಪಕ್ಕ ಒಣಗುತ್ತಿವೆ ಎರಡು ಜೊತೆ ಬೂಟು.
ನೂಲಿಗಿಂತ ತುಸುವೇ ದಪ್ಪ ಗರಗಸ
ಮೇಲೆ ಕೆಳಗೆ ಮೇಲೆ ಕೆಳಗೆ
ಹೊಲಿಗೆ ಯಂತ್ರದ ಸೂಜಿಯ ಹಾಗೆ,
ಆದರೆ ಹೊಲಿಯುವುದಿಲ್ಲ ಇದು, ಬಿಚ್ಚುತ್ತದೆ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಹ್ಯಾಂಕಾಕಿನಿಂದ ಕೆರೆಯಂಚಿನ ಕೊನೆಯ ಮನೆಯವರೆಗೆ
(ಕೆರೆ ಅಂತೀವಿ ನಾವು, ಆಚೆ ದಡ ಕಾಣದಿದ್ದರೂ).
ತಿರುವು ಅಂದರೇನೆಂದು ನನಗೆ ಹೇಳಿಕೊಡಬೇಕೆ?
ಮೊದಲ ದಿನವೇ ಮುರಿದೆ ಐದು ಬ್ಲೇಡು.
ಟಕ್ ಅಂದಾಗಲೆಲ್ಲ ಉರ್ಹೊ ಕಾಫಿ ಹೀರಿದ,
ಚೂರು ಹೆಕ್ಕಿ ತಗಡಿನ ಡಬ್ಬಿಗೆ ಹಾಕಿದ.
ಡಬ್ಬಿ ಆಗಲೇ ಮುಕ್ಕಾಲು ತುಂಬಿತ್ತು.
ನಿನ್ನ ಶಿಷ್ಯರದೇ ಇಷ್ಟೂ? ಕೇಳಿದೆ.
ನನ್ನದು, ಅಂದ. ಶಿಷ್ಯರು ಯಾರಿದ್ದಾರೆ?

ಮೇಪಲ್ ಬಂದದ್ದು
ಮುಚ್ಚಿಹೋದ ಬೌಲಿಂಗ್ ಹಾಲಿನ ನೆಲದಿಂದ;
ಇನ್ನೂ ಒಂದೆಡೆ ಚೆಂಡು ಉರುಳಿದ ಹೊಳಪು.
ಕಪ್ಪು ವಾಲ್‌ನಟ್ಟು ಮಂಚದ ಕಾಲು.
ಯಾವ ಮಂಚ ಎಂದು ಅವನು ಹೇಳಲಿಲ್ಲ,
ಐಲಿಯ ಮಣ್ಣಿಗೆ ಹೋದವಳು, ನಾನೂ ಕೇಳಲಿಲ್ಲ.

ಗೇಣಿಗೂ ಕಡಿಮೆ ಉದ್ದದ ಎರಡು ಕಡ್ಡಿ,
ಒಂದರ ಮೇಲೊಂದು ಅಂಟಿಸಿ ಒಟ್ಟಿಗೇ ಕೊಯ್ದರೆ
ಇಬ್ಬರಿಗೂ ಒಂದೇ ಗಾಯ.
ಆಮೇಲೆ ಅದಲುಬದಲು:
ಬಿಳಿಯ ಎಡಕ್ಕೆ ಕಪ್ಪಿನ ಬಲ,
ಕಪ್ಪಿನ ಎಡಕ್ಕೆ ಬಿಳಿಯದು.
ಎಲೆಯ ನಕ್ಷೆ ಇದೆ, ಬಳ್ಳಿಯದಿದೆ, ಅಲೆಯದೂ ಇದೆ,
ಕಾಗದ ಹರಡಿದ ಉರ್ಹೊ. ನಾನು ಬೇಡವೆಂದೆ.
ಪೆನ್ಸಿಲ್ಲಿನಲ್ಲಿ ಎಳೆದೆ ನನ್ನ ನಾಲ್ಕನೇ ನಂಬರ್ ದಾರಿ:
ಬೆರ್ಟುಚ್ಚಿ ಅವಳಿಗಳ ಗೇಟು,
ಟ್ರಂಪೆಟ್ ಪೆಟ್ಟಿಗೆಯ ಮೇಲೆ ಕೂತು ಕಾಯುವ ಹುಡುಗಿ,
ಸೇತುವೆ, ಮತ್ತೆ ಆ ಬೆನ್ನು ಬಾಗಿದ ಇಳಿಜಾರು,
ತೊಂಬತ್ತಾರರಲ್ಲಿ ಬಸ್ಸು ಜಾರಿ ಕಾಲುವೆಗೆ ಕೂತ ಕಡೆ.
ಯಾರಿಗೂ ಏನೂ ಆಗಲಿಲ್ಲ.
ಹದಿನೇಳು ಮಕ್ಕಳು, ಎರಡೆರಡು ಸಲ ಎಣಿಸಿದೆ.
ಈಗಲೂ ಎಣಿಸುತ್ತೇನೆ, ನಿದ್ದೆ ಬಾರದಾಗ.

ಆರನೆಯ ಬ್ಲೇಡು ಮುರಿಯಲಿಲ್ಲ.
ಸೇತುವೆ ದಾಟಿತು, ಇಳಿಜಾರಿನಲ್ಲಿ ಉಸಿರು ಬಿಗಿಹಿಡಿದೆ,
ಗರಗಸ ನಿಧಾನಕ್ಕೆ ತಿರುಗಿತು, ಬಾಗಿಲು ತೆರೆಯುವ ಬಸ್ಸಿನಂತೆ.
ಜೋಡಿಸಿ ನೋಡಿದರೆ
ಕೂಡುವುದಿಲ್ಲ. ನಡುವೆ ಕೂದಲೆಳೆಯಷ್ಟು ಬೆಳಕು.
ಎಲ್ಲಿ ತಪ್ಪಿದೆ?
ತಪ್ಪಿಲ್ಲ, ಅಂದ. ಅದು ಗರಗಸ ತಿಂದದ್ದು.
ಅಷ್ಟನ್ನು ಯಾವ ಕಡೆಗೂ ವಾಪಸು ಕೊಡಲಾಗದು.
ಮೇಜಿನ ಮೇಲಿನ ಹೊಟ್ಟನ್ನು ಬೆರಳಲ್ಲಿ ಗೀರಿದ,
ಬಿಳಿಯಾವುದು ಕಪ್ಪಾವುದು ಗೊತ್ತಾಗದ ಬೂದು.

ಕಪಾಟಿನಿಂದ ಔಷಧಿ ಶೀಶೆ ತೆಗೆದ.
ಒಳಗೆ ತಾಮ್ರದ ಅರ; ಅವನಪ್ಪ ಇಳಿದ ಗಣಿಯದು.
ಗಣಿ ಮುಚ್ಚಿದೆ, ತಾಮ್ರ ಇನ್ನೂ ಮುಗಿದಿಲ್ಲ.
ಗೋಂದಿನಲ್ಲಿ ಕಲೆಸಿ ಬಿರುಕಿಗೆ ತುಂಬಿದೆವು,
ಹಲ್ಲು ತುಂಬುವವರ ಹಾಗೆ ಬಗ್ಗಿ.
ರಾತ್ರಿ ಒಣಗಲು ಬಿಟ್ಟು ಬಂದೆ,
ಹೆದ್ದಾರಿಯಲ್ಲಿ ಹಿಮ ತಳ್ಳುವ ಲಾರಿ ಎದುರಾಯಿತು.

ಮರುದಿನ ನಡುವೆ ರಂಧ್ರ ಕೊರೆದೆ, ಹಿತ್ತಾಳೆ ಕೊಳವೆ ತೂರಿಸಿದೆ,
ದಾರಿಯ ಹೊಟ್ಟೆಯೇ ಖಾಲಿಯಾಯಿತು.
ಲೇತ್ ತಿರುಗಿತು, ಉಳಿ ಮುಟ್ಟಿತು,
ಸುರುಳಿ ಸುರುಳಿ ಮೈಮೇಲೆ ಉದುರಿದವು.
ನಿಲ್ಲಿಸಿ ನೋಡಿದಾಗ
ತಾಮ್ರದ ಗೆರೆ ಮಿನುಗುತ್ತಿತ್ತು,
ಗೇಟು, ಹುಡುಗಿ, ಸೇತುವೆ...
ಇಳಿಜಾರು ಮಾತ್ರ ಇರಲಿಲ್ಲ.
ಅತಿ ಹೊರಗೆ ಎಳೆದಿದ್ದೆ ಅದನ್ನು, ಉಳಿ ಕೆರೆದು ಹಾಕಿತ್ತು.
ಉರ್ಹೊ ಏನೋ ಹೇಳಲು ಬಾಯಿ ತೆರೆದ,
ನನ್ನ ಮುಖ ನೋಡಿ ಕಾಫಿ ಬಗ್ಗಿಸಿದ.
ನಗುತ್ತಿದ್ದೆನೋ ಏನೋ, ನನಗೆ ಗೊತ್ತಿಲ್ಲ.

ಇನ್ನೊಂದು ಪೆನ್ನು, ಬಣ್ಣ ತಿರುಗಿದ ಅದರ ಜೋಡಿ,
ಅವನೇ ಇಟ್ಟುಕೊಂಡ; ಮಂಚದ ಮರವಲ್ಲವೆ.
ನನ್ನದರಲ್ಲಿ ಮೊದಲು ಬರೆದದ್ದು, ಹಾರ್ಡ್‌ವೇರ್ ಅಂಗಡಿಯ ಚೀಟಿ:
ಬ್ಲೇಡು, ಮೂರನೇ ನಂಬರ್,
ಎರಡು ಡಜನ್.
ಹೊಡೆದು ಹಾಕಿ ತಿದ್ದಿದೆ: ನಾಲ್ಕು.